ಲೆಕ್ಕದ ಹೊರಗೆ ಉಳಿದ ಕ್ಯಾಚರ್

1930ರ ದಶಕದಲ್ಲಿ ಪಿಟ್ಸ್‌ಬರ್ಗ್, ಷಿಕಾಗೊ, ಕಾನ್ಸಾಸ್ ಸಿಟಿಯಂಥ ಅಮೆರಿಕದ ನಗರಗಳಲ್ಲಿ ಬೇಸಿಗೆಯ ಭಾನುವಾರ ಮಧ್ಯಾಹ್ನವಾಯಿತೆಂದರೆ ಕಪ್ಪು ವರ್ಣೀಯ ಕುಟುಂಬಗಳು ಚರ್ಚಿಗೆಂದು ತೊಟ್ಟ ಒಳ್ಳೆಯ ಉಡುಪಿನಲ್ಲೇ ಬೇಸ್‌ಬಾಲ್ ಮೈದಾನದತ್ತ ಹೊರಡುತ್ತಿದ್ದವು. ಒಂದೇ ಟಿಕೆಟ್ಟಿಗೆ ಬೆನ್ನುಬೆನ್ನಿಗೆ ಎರಡು ಪಂದ್ಯಗಳನ್ನು ನೋಡುವ ಅವಕಾಶ ಅಲ್ಲಿರುತ್ತಿತ್ತು. ಮೊದಲ ಪಂದ್ಯದಲ್ಲಿ ಚೆಂಡೆಸೆದವನಿಗೆ ಎರಡನೆಯ ಪಂದ್ಯದಲ್ಲಿ ಸಾಮಾನ್ಯವಾಗಿ ಬಿಡುವು ಸಿಗುತ್ತಿತ್ತು. ಆದರೆ ಬ್ಯಾಟುಗಾರನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರ್, ಬೆವರಿನಲ್ಲಿ ತೊಯ್ದ ಎದೆಗವಚವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡು, ಬಹಳ ಸಲ ಎರಡನೆಯ ಪಂದ್ಯಕ್ಕೂ ಅದೇ ಜಾಗದಲ್ಲಿ ಕೂರುತ್ತಿದ್ದ. ಕತ್ತಲಾಗುವ ಹೊತ್ತಿಗೆ ತಂಡದ ಬಸ್ಸು ಇನ್ನೊಂದು ಊರಿನ ದಾರಿ ಹಿಡಿದಿರುತ್ತಿತ್ತು.

ಅಂಥ ಕ್ಯಾಚರ್‌ಗಳಲ್ಲಿ ಒಬ್ಬರಾದ ಜೋಶ್ ಗಿಬ್ಸನ್ ಅವರ ಹೆಸರು, ಅವರು ತೀರಿಕೊಂಡ 77 ವರ್ಷಗಳ ನಂತರ, 2024ರ ಮೇ ತಿಂಗಳಿನಲ್ಲಿ ಜಗತ್ತಿನ ಕ್ರೀಡಾಪುಟಗಳಲ್ಲಿ ಕಾಣಿಸಿಕೊಂಡಿತು. ವರ್ಣಭೇದದ ಕಾಲದಲ್ಲಿ ಕಪ್ಪು ವರ್ಣೀಯರು ಪ್ರತ್ಯೇಕವಾಗಿ ನಡೆಸಿಕೊಂಡು ಬಂದಿದ್ದ 'ನೀಗ್ರೊ ಲೀಗ್'ಗಳ ಅಂಕಿಅಂಶಗಳನ್ನು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನ ಅಧಿಕೃತ ದಾಖಲೆಗಳಿಗೆ ಸೇರಿಸಿಕೊಂಡಾಗ, ದಶಕಗಳ ಕಾಲ ಸರ್ವಶ್ರೇಷ್ಠವೆನಿಸಿದ್ದ ಟೈ ಕಾಬ್ ಅವರ 0.367ರ ಜೀವಮಾನದ ಬ್ಯಾಟಿಂಗ್ ಸರಾಸರಿಯನ್ನು ಗಿಬ್ಸನ್ ಅವರ 0.372 ಹಿಂದಿಕ್ಕಿತು. ಬೇಸ್‌ಬಾಲ್‌ನಲ್ಲಿ ಸರಾಸರಿಯೆಂದರೆ, ಲೆಕ್ಕಕ್ಕೆ ಹಿಡಿಯುವ ಬ್ಯಾಟಿಂಗ್ ಸರದಿಗಳಲ್ಲಿ ಎಷ್ಟು ಪಾಲು ಸಲ ಆಟಗಾರ ಚೆಂಡನ್ನು ಹೊಡೆದು ಔಟಾಗದೆ ಬೇಸ್ ಮುಟ್ಟಿದನೆಂಬ ಅನುಪಾತ. ಮೂರು ಸರದಿಗೆ ಒಮ್ಮೆ ಯಶಸ್ವಿಯಾದವನೇ ಅಲ್ಲಿ ದೊಡ್ಡ ಬ್ಯಾಟುಗಾರ. ಆ ದಿನ ಸುದ್ದಿಯಾದದ್ದು ಗಿಬ್ಸನ್ ಅವರ ಬ್ಯಾಟು. ಆದರೆ ಅವರ ವೃತ್ತಿ, ಅವರ ಮೈಯನ್ನು ಸವೆಸಿದ ಕೆಲಸ, ಚೆಂಡು ಹಿಡಿಯುವುದಾಗಿತ್ತು.

ಮೈದಾನಕ್ಕೆ ಮುಖಮಾಡಿ ಕೂರುವವನು

ಕ್ರಿಕೆಟ್ಟಿನ ವಿಕೆಟ್‌ಕೀಪರ್‌ನನ್ನು ಬಲ್ಲ ಓದುಗರಿಗೆ ಕ್ಯಾಚರ್‌ನ ಚಿತ್ರ ಸುಲಭವಾಗಿ ಮೂಡುತ್ತದೆ. ಆದರೆ ಇಬ್ಬರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಬೌಲರ್ ಎಂಥ ಚೆಂಡು ಹಾಕಬೇಕೆಂಬುದನ್ನು ವಿಕೆಟ್‌ಕೀಪರ್ ತೀರ್ಮಾನಿಸುವುದಿಲ್ಲ. ಬೇಸ್‌ಬಾಲ್‌ನಲ್ಲಿ ಕ್ಯಾಚರ್, ತೊಡೆಗಳ ನಡುವೆ ಬಲಗೈಯನ್ನು ಮರೆಮಾಡಿ, ಬೆರಳುಗಳ ಸಂಜ್ಞೆಯಿಂದ, ಮುಂದಿನ ಎಸೆತ ನೇರ ವೇಗದ್ದೋ ತಿರುವಿನದೋ ಎಂಬುದನ್ನು ಸುಮಾರು 18 ಮೀಟರ್ ದೂರದಲ್ಲಿ ನಿಂತ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಸೂಚಿಸುತ್ತಾನೆ. ಉಳಿದ ಎಂಟು ಮಂದಿ ಬ್ಯಾಟುಗಾರನತ್ತ ಮುಖಮಾಡಿ ನಿಂತಿದ್ದರೆ ಇವನೊಬ್ಬನೇ ಅವರೆಲ್ಲರತ್ತ ಮುಖಮಾಡಿ ಕುಳಿತಿರುವುದರಿಂದ, ಯಾರು ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವುದೂ ಅವನ ಪಾಲಿನ ಕೆಲಸ. ಎದುರಾಳಿಯೊಬ್ಬ ಪಿಚರ್‌ನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿದರೆ (ಇದನ್ನು ಬೇಸ್ 'ಕದಿಯುವುದು' ಎನ್ನುತ್ತಾರೆ) ಕುಳಿತಲ್ಲಿಂದ ಎದ್ದು ಎರಡನೆಯ ಬೇಸಿನವರೆಗೆ, ಅಂದರೆ ಸುಮಾರು 39 ಮೀಟರ್ ದೂರಕ್ಕೆ, ಗುರಿಯಿಟ್ಟು ಎಸೆಯಬೇಕಾದವನೂ ಅವನೇ. ನೀಗ್ರೊ ಲೀಗ್‌ಗಳ ಹಾಸ್ಯಪ್ರಿಯ ಕ್ಯಾಚರ್ ಟೆಡ್ ರ‍್ಯಾಡ್‌ಕ್ಲಿಫ್ ತಮ್ಮ ಎದೆಗವಚದ ಮೇಲೆ ಬೈಬಲ್ಲಿನ 'ಕದಿಯಬಾರದು' ಎಂಬ ಆಜ್ಞೆಯನ್ನೇ ಬರೆಸಿಕೊಂಡಿದ್ದರು.

ಕ್ಯಾಚರ್‌ನ ಈ ಅಧಿಕಾರವೇ ವರ್ಣಭೇದದ ಇತಿಹಾಸದಲ್ಲಿ ಅವನ ಸ್ಥಾನವನ್ನು ವಿಶೇಷವಾಗಿ ಸೂಕ್ಷ್ಮವಾಗಿಸಿತು. 1884ರಲ್ಲಿ ಟೊಲಿಡೊ ತಂಡದ ಪರವಾಗಿ ಅಂದಿನ ಮೇಜರ್ ಲೀಗ್ ಒಂದರಲ್ಲಿ ಆಡಿದ ಮೋಸಸ್ ಫ್ಲೀಟ್‌ವುಡ್ ವಾಕರ್ ಕಪ್ಪು ವರ್ಣೀಯರಾಗಿದ್ದರು ಮತ್ತು ಕ್ಯಾಚರ್ ಆಗಿದ್ದರು. ಆ ತಂಡದ ಬಿಳಿಯ ಪಿಚರ್ ಟೋನಿ ಮಲೇನ್, ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್ ಎಂದು ಮುಂದೆ ಒಪ್ಪಿಕೊಂಡರಾದರೂ, ಕಪ್ಪು ಮನುಷ್ಯನಿಂದ ಸಂಜ್ಞೆ ಪಡೆಯಲು ಮನಸ್ಸಿಲ್ಲದೆ ಅವರ ಬೆರಳುಗಳತ್ತ ನೋಡದೆಯೇ ಮನಬಂದಂತೆ ಎಸೆಯುತ್ತಿದ್ದುದಾಗಿಯೂ ಹೇಳಿದರು. ಅಂಥ ಎಸೆತಗಳನ್ನು ವಾಕರ್ ಹೆಚ್ಚುಕಡಿಮೆ ಬರಿಗೈಯಲ್ಲಿ ಹಿಡಿಯಬೇಕಿತ್ತು. ಯಾವ ದಿಕ್ಕಿಗೆ ಚೆಂಡು ಬರುತ್ತದೆಂದು ಗೊತ್ತಿಲ್ಲದೆ ಹಿಡಿಯುವುದೆಂದರೆ ಬೆರಳು ಮುರಿದುಕೊಳ್ಳುವುದೆಂದೇ ಅರ್ಥ.

1887ರ ವೇಳೆಗೆ ಪ್ರಮುಖ ಲೀಗ್ ಒಂದರ ಮಾಲೀಕರು ಕಪ್ಪು ವರ್ಣೀಯರೊಂದಿಗೆ ಹೊಸ ಒಪ್ಪಂದ ಮಾಡಿಕೊಳ್ಳಬಾರದೆಂದು ಮತ ಹಾಕಿದರು. ಮೇಜರ್ ಲೀಗ್‌ಗಳಲ್ಲಿ ಅಂಥ ಲಿಖಿತ ನಿಯಮ ಇರಲಿಲ್ಲ. 'ಸಭ್ಯರ ಒಪ್ಪಂದ'ವೆಂಬ ಹೆಸರಿನ, ಯಾರೂ ಸಹಿ ಹಾಕದ, ಆದರೆ ಎಲ್ಲರೂ ಪಾಲಿಸಿದ ಕಟ್ಟಳೆಯೊಂದು ಆರು ದಶಕಗಳ ಕಾಲ ಬಾಗಿಲು ಕಾಯಿತು.

ತಮ್ಮದೇ ಲೀಗ್, ತಮ್ಮದೇ ಬಂಡವಾಳ

ಹೊರಗುಳಿದವರು ಸುಮ್ಮನೆ ಕೂರಲಿಲ್ಲ. 1920ರ ಫೆಬ್ರುವರಿಯಲ್ಲಿ ಪಿಚರ್ ಹಾಗೂ ತಂಡದ ಮಾಲೀಕ ರೂಬ್ ಫಾಸ್ಟರ್ ಅವರ ಮುಂದಾಳತ್ವದಲ್ಲಿ ಕಾನ್ಸಾಸ್ ಸಿಟಿಯಲ್ಲಿ ನೀಗ್ರೊ ನ್ಯಾಷನಲ್ ಲೀಗ್ ಹುಟ್ಟಿತು. ಆರ್ಥಿಕ ಮಹಾಕುಸಿತದ ಹೊಡೆತಕ್ಕೆ ಸಿಕ್ಕಿ 1931ರಲ್ಲಿ ಅದು ಮುಚ್ಚಿಹೋಯಿತು. ಅದೇ ಹೆಸರಿನ ಎರಡನೆಯ ಲೀಗನ್ನು 1933ರಲ್ಲಿ ಕಟ್ಟಿದವರು ಪಿಟ್ಸ್‌ಬರ್ಗ್‌ನ ಗಸ್ ಗ್ರೀನ್‌ಲೀ. ಅವರ ಸಂಪತ್ತಿನ ಮೂಲ 'ನಂಬರ್ಸ್' ಎಂಬ ಆಟ, ಅಂದರೆ ನಮ್ಮಲ್ಲಿನ ಮಟ್ಕಾದಂಥ, ಪುಡಿಗಾಸಿನಿಂದ ನಡೆಯುವ ಕಾನೂನುಬಾಹಿರ ಸಂಖ್ಯಾಜೂಜು. ಇದರಲ್ಲಿ ಹುಬ್ಬೇರಿಸುವಂಥದ್ದೇನೂ ಇಲ್ಲ: ಬ್ಯಾಂಕುಗಳು ಕಪ್ಪು ವರ್ಣೀಯರಿಗೆ ಸಾಲ ಕೊಡಲು ಹಿಂಜರಿಯುತ್ತಿದ್ದ ಕಾಲದಲ್ಲಿ, ಅವರ ಕೇರಿಗಳಲ್ಲಿ ಕೈಯಲ್ಲಿ ನಗದಿದ್ದವರು ಇಂಥ ಜೂಜಿನ ಒಡೆಯರೇ ಆಗಿದ್ದರು. ಗ್ರೀನ್‌ಲೀ 1932ರಲ್ಲಿ ಸ್ವಂತ ಮೈದಾನವನ್ನೇ ಕಟ್ಟಿಸಿದರು. ಇತರ ತಂಡಗಳಲ್ಲಿ ಹೆಚ್ಚಿನವು ಬಿಳಿಯರ ಕ್ರೀಡಾಂಗಣಗಳನ್ನು, ಅವರ ತಂಡ ಪರವೂರಿಗೆ ಹೋಗಿದ್ದ ದಿನಗಳಲ್ಲಿ, ಬಾಡಿಗೆಗೆ ಹಿಡಿಯಬೇಕಾಗಿತ್ತು.

ಉಕ್ಕಿನ ಊರಿನ ಹುಡುಗ

ಗಿಬ್ಸನ್ ಹುಟ್ಟಿದ್ದು 1911ರ ಡಿಸೆಂಬರ್ 21ರಂದು, ದಕ್ಷಿಣದ ಜಾರ್ಜಿಯಾ ರಾಜ್ಯದ ಬ್ಯೂನ ವಿಸ್ಟ ಎಂಬ ಸಣ್ಣ ಊರಿನಲ್ಲಿ. ಹೊಲಗೆಲಸದಿಂದ ಬೇಸತ್ತು ಉತ್ತರದ ಕಾರ್ಖಾನೆಗಳತ್ತ ವಲಸೆ ಹೊರಟ ಲಕ್ಷಾಂತರ ಕಪ್ಪು ವರ್ಣೀಯರಲ್ಲಿ ಅವರ ತಂದೆಯೂ ಒಬ್ಬರು. ಪಿಟ್ಸ್‌ಬರ್ಗ್‌ನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಅವರು ಸಂಸಾರವನ್ನು ಅಲ್ಲಿಗೆ ಕರೆಸಿಕೊಂಡರು. ವಿದ್ಯುತ್ ಕೆಲಸ ಕಲಿಯಲು ಶಾಲೆ ಸೇರಿದ ಹುಡುಗ, ಓದು ಬಿಟ್ಟು ಕಾರ್ಖಾನೆಯಲ್ಲಿ ದುಡಿದು, ಬಳಿಕ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತ, ಬಿಡುವಿನಲ್ಲಿ ಬಡಾವಣೆಯ ತಂಡಗಳಲ್ಲಿ ಆಡುತ್ತಿದ್ದ.

1930ರ ಬೇಸಿಗೆಯಲ್ಲಿ ಅವರು ಹೋಮ್‌ಸ್ಟೆಡ್ ಗ್ರೇಸ್ ಎಂಬ ಪ್ರಬಲ ತಂಡವನ್ನು ಸೇರಿದ ಬಗೆಗೆ ಒಂದು ಜನಪ್ರಿಯ ಕಥೆಯಿದೆ. ಕಾನ್ಸಾಸ್ ಸಿಟಿಯ ಮೊನಾರ್ಕ್ಸ್ ತಂಡ ಆ ವರ್ಷ ಲಾರಿಗಳ ಮೇಲೆ ಕಂಬಗಳನ್ನೂ ಜನರೇಟರನ್ನೂ ಹೇರಿಕೊಂಡು ಊರೂರಿಗೆ ಹೋಗಿ ರಾತ್ರಿ ಪಂದ್ಯಗಳನ್ನು ಆಡುತ್ತಿತ್ತು. ಆ ಮಬ್ಬು ಬೆಳಕಿನಲ್ಲಿ ಕ್ಯಾಚರ್‌ನ ಬೆರಳುಗಳೇ ಪಿಚರ್‌ಗೆ ಕಾಣುತ್ತಿರಲಿಲ್ಲ; ಸಂಜ್ಞೆ ತಪ್ಪಿ ಬಂದ ಚೆಂಡಿಗೆ ಗ್ರೇಸ್ ತಂಡದ ಕ್ಯಾಚರ್ ಬಕ್ ಯೂಯಿಂಗ್ ಕೈಗೆ ಗಾಯ ಮಾಡಿಕೊಂಡಾಗ, ಪ್ರೇಕ್ಷಕರ ನಡುವೆ ಕುಳಿತಿದ್ದ ಗಿಬ್ಸನ್‌ರನ್ನು ಕರೆದು ಕವಚ ತೊಡಿಸಿದರಂತೆ. ಹೇಳುವವರು ಬದಲಾದಂತೆ ಕಥೆಯ ವಿವರಗಳೂ ಬದಲಾಗುತ್ತವೆ. ಹದಿನೆಂಟರ ಯುವಕ ಆ ಬೇಸಿಗೆಯಲ್ಲಿ ತಂಡ ಸೇರಿದ್ದಂತೂ ನಿಜ. ಸೆಪ್ಟೆಂಬರ್ ಹೊತ್ತಿಗೆ ಆತ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ, ಬಿಳಿಯರ ಲೀಗ್‌ನ ಹೆಸರಾಂತ ಹೊಡೆತಗಾರ ಬೇಬ್ ರೂತ್ ಅವರಿಗೆ ಹೋಲಿಸಿ ಮಾತಾಡಿಕೊಳ್ಳುವಷ್ಟು ದೂರಕ್ಕೆ ಚೆಂಡು ಬಾರಿಸಿದ್ದೂ ನಿಜ. ಅದೇ ವರ್ಷದ ಆಗಸ್ಟ್‌ನಲ್ಲಿ ಅವರ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹಡೆದು ತೀರಿಕೊಂಡಿದ್ದರು.

1932ರಿಂದ 1936ರವರೆಗೆ ಗಿಬ್ಸನ್ ಗ್ರೀನ್‌ಲೀ ಅವರ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿದ್ದರು. ಸ್ಯಾಚೆಲ್ ಪೇಜ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್‌ಸ್ಟನ್, ಜೂಡಿ ಜಾನ್ಸನ್, ಗಿಬ್ಸನ್ ಹೀಗೆ ಮುಂದೆ ಬೇಸ್‌ಬಾಲ್‌ನ ಕೀರ್ತಿಭವನ ಸೇರಲಿದ್ದ ಐವರು ಆ ಒಂದೇ ತಂಡದಲ್ಲಿ ಆಡಿದ್ದರು. 1937ರಲ್ಲಿ ಗಿಬ್ಸನ್ ಮತ್ತೆ ಗ್ರೇಸ್ ತಂಡಕ್ಕೆ ಮರಳಿದರು. ಅವರ ಹಾಗೂ ಬಕ್ ಲೆನರ್ಡ್ ಅವರ ಜೋಡಿ ಆ ತಂಡವನ್ನು ವರ್ಷಗಳ ಕಾಲ ಲೀಗ್‌ನ ತುದಿಯಲ್ಲಿ ನಿಲ್ಲಿಸಿತು.

ಚಿಕ್ಕ ತಂಡ, ಬಿಡುವಿಲ್ಲದ ತಿರುಗಾಟ

ನೀಗ್ರೊ ಲೀಗ್ ಕ್ಯಾಚರ್‌ನ ಕಷ್ಟವನ್ನು ಅರಿಯಲು ತಂಡದ ಗಾತ್ರವನ್ನು ನೋಡಿದರೆ ಸಾಕು. ಬಿಳಿಯರ ಮೇಜರ್ ಲೀಗ್ ತಂಡದಲ್ಲಿ 25 ಆಟಗಾರರಿದ್ದರೆ, ಇಲ್ಲಿ ಪ್ರಯಾಣದ ಖರ್ಚಿಗೆ ಅಂಜಿ ಹದಿನೈದು ಹದಿನಾರು ಮಂದಿಯಲ್ಲೇ ಕೆಲಸ ಸಾಗಿಸುತ್ತಿದ್ದರು; ಆದ್ದರಿಂದ ಗಾಯಗೊಂಡ ಕ್ಯಾಚರ್‌ಗೆ ಬದಲಿ ಸಿಗುವುದು ಅದೃಷ್ಟದ ಮಾತಾಗಿತ್ತು. ಲೀಗ್‌ನ ಪಂದ್ಯಗಳು ವಾರಾಂತ್ಯದಲ್ಲಿ ನಡೆಯುತ್ತಿದ್ದವು, ಆದರೆ ಹೊಟ್ಟೆ ತುಂಬುತ್ತಿದ್ದುದು ವಾರದ ನಡುವಿನ ತಿರುಗಾಟದಿಂದ: ಕಾರ್ಖಾನೆಯ ತಂಡಗಳೊಂದಿಗೆ, ಹಳ್ಳಿಯ ತಂಡಗಳೊಂದಿಗೆ, ಋತುವಿನ ಕೊನೆಗೆ ಬಿಳಿಯ ತಾರಾ ಆಟಗಾರರ ತಂಡಗಳೊಂದಿಗೆ ಸಿಕ್ಕಸಿಕ್ಕಲ್ಲಿ ಆಡಿ, ಗೇಟಿನ ಹಣ ಹಂಚಿಕೊಂಡು ಮುಂದಕ್ಕೆ ಹೋಗುವುದು. ಬಾಲ್ಟಿಮೋರ್‌ನ ಎಲೀಟ್ ಜಯಂಟ್ಸ್ ತಂಡದ ಕ್ಯಾಚರ್ ರಾಯ್ ಕ್ಯಾಂಪನೆಲ್ಲ, ಎರಡು ಊರುಗಳಲ್ಲಿ ಒಂದೇ ದಿನ ನಾಲ್ಕು ಪಂದ್ಯಗಳಿಗೆ ತಾವೊಬ್ಬರೇ ಕುಳಿತದ್ದನ್ನು ನೆನಪಿಸಿಕೊಂಡಿದ್ದಾರೆ.

ಒಂದು ಪಂದ್ಯವೆಂದರೆ ನೂರಕ್ಕೂ ಹೆಚ್ಚು ಸಲ ಕುಕ್ಕರಿಸಿ ಏಳುವುದು. ಅದರ ಜೊತೆಗೆ ಮೇಜರ್ ಲೀಗ್‌ನಲ್ಲಿ 1920ರಲ್ಲೇ ನಿಷೇಧವಾಗಿದ್ದ ಎಂಜಲು ಸವರಿದ ಚೆಂಡು, ಉಜ್ಜಿ ಒರಟು ಮಾಡಿದ ಚೆಂಡುಗಳ ಮೇಲೆ ಇಲ್ಲಿ ಅಷ್ಟು ಕಟ್ಟುನಿಟ್ಟಿನ ಕಣ್ಣಿರಲಿಲ್ಲ. ಅಂಥ ಚೆಂಡು ಕೊನೆಯ ಕ್ಷಣದಲ್ಲಿ ಎತ್ತ ವಾಲುವುದೆಂದು ಎಸೆದವನಿಗೂ ಸರಿಯಾಗಿ ತಿಳಿದಿರುತ್ತಿರಲಿಲ್ಲ. ಎಡಗೈಗೆ ದಪ್ಪ ಗವಸು ಇರುತ್ತಿತ್ತು, ಬಲಗೈ ಬರಿದು. ಬ್ಯಾಟಿನ ಅಂಚು ಸವರಿ ದಿಕ್ಕು ತಪ್ಪಿದ ಚೆಂಡು ಆ ಬರಿಗೈಯ ಬೆರಳ ತುದಿಗೆ ಬಡಿದರೆ ಉಗುರು ಕಿತ್ತು ಗೆಣ್ಣು ಸರಿಯುತ್ತಿತ್ತು. ಕ್ಯಾಚರ್ ಬೆರಳನ್ನು ಎಳೆದು ಕೂರಿಸಿ, ಪಟ್ಟಿ ಸುತ್ತಿ, ಆಟ ಮುಂದುವರಿಸುತ್ತಿದ್ದ. ಹಳೆಯ ಕ್ಯಾಚರ್‌ಗಳ ಸೊಟ್ಟ ಬೆರಳುಗಳು ಆ ವೃತ್ತಿಯ ಗುರುತೇ ಆಗಿದ್ದವು.

ಆಟ ಮುಗಿದ ಮೇಲಿನ ಪಾಡು ಇದಕ್ಕಿಂತ ಹಗುರವಾಗಿರಲಿಲ್ಲ. ದಕ್ಷಿಣದಲ್ಲಿ ಕಾನೂನಿನ ಬಲದಿಂದ, ಉತ್ತರದಲ್ಲಿ ಬಹಳ ಕಡೆ ರೂಢಿಯ ಬಲದಿಂದ, ಹೋಟೆಲುಗಳು ಅವರಿಗೆ ಕೋಣೆ ಕೊಡುತ್ತಿರಲಿಲ್ಲ, ಉಪಾಹಾರ ಗೃಹಗಳು ಒಳಗೆ ಕೂರಿಸುತ್ತಿರಲಿಲ್ಲ. ಅಂಗಡಿಯಿಂದ ತಂದ ಬ್ರೆಡ್ಡು ಡಬ್ಬಿಯ ಮೀನು ತಿಂದು ಬಸ್ಸಿನ ಸೀಟಿನಲ್ಲೇ ಮಲಗುವುದು ಸಾಮಾನ್ಯವಾಗಿತ್ತು. ಆರಡಿಗೂ ಮಿಗಿಲಾದ ಎತ್ತರದ, ನೂರು ಕಿಲೋ ಸಮೀಪಿಸಿದ ಗಿಬ್ಸನ್‌ರಂಥ ದೇಹಕ್ಕೆ, ದಿನವಿಡೀ ಮಡಚಿದ ಮೊಣಕಾಲನ್ನು ರಾತ್ರಿಯೂ ಚಾಚಲು ಆಗದಿದ್ದುದು ಸಣ್ಣ ವಿಷಯವಲ್ಲ. ಮೂವತ್ತು ದಾಟುವಷ್ಟರಲ್ಲಿ ಅವರ ಮೊಣಕಾಲುಗಳು ಸವೆದುಹೋಗಿದ್ದವು.

ಗಡಿಯಾಚೆಗಿನ ಸಂಬಳ

ಇಷ್ಟಾಗಿಯೂ ಈ ಆಟಗಾರರು ಒಂದೇ ಕಡೆ ಕಟ್ಟಿಹಾಕಿಸಿಕೊಂಡವರಾಗಿರಲಿಲ್ಲ. 1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊ ತನ್ನ ಹೆಸರಿನಲ್ಲೇ ಇದ್ದ ರಾಜಧಾನಿಯ ತಂಡವನ್ನು ಗೆಲ್ಲಿಸಲು ಡಾಲರುಗಳನ್ನು ಸುರಿದಾಗ, ಪೇಜ್, ಬೆಲ್ ಸೇರಿದಂತೆ ಕ್ರಾಫರ್ಡ್ಸ್ ತಂಡದ ತಾರೆಯರನೇಕರೂ ಆಗಷ್ಟೇ ಗ್ರೇಸ್ ತಂಡಕ್ಕೆ ಮರಳಿದ್ದ ಗಿಬ್ಸನ್ ಅವರೂ ಹಡಗು, ವಿಮಾನ ಹತ್ತಿದರು. 1941ರಲ್ಲಿ ಗಿಬ್ಸನ್ ಮೆಕ್ಸಿಕೊದ ವೆರಾಕ್ರೂಸ್ ತಂಡಕ್ಕೆ ಹೋದಾಗ, ಗ್ರೇಸ್ ಮಾಲೀಕರು ಒಪ್ಪಂದ ಮುರಿದರೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಗಿಬ್ಸನ್ ಹಿಂತಿರುಗಿದ ಮೇಲೆ ಮೊಕದ್ದಮೆ ತಣ್ಣಗಾಯಿತು. ಚಳಿಗಾಲಗಳನ್ನು ಪೋರ್ಟೊ ರಿಕೊದಲ್ಲಿ ಕಳೆಯುತ್ತಿದ್ದ ಅವರು 1941-42ರ ಋತುವಿನಲ್ಲಿ ಅಲ್ಲಿ 0.480ರ ಸರಾಸರಿ ಗಳಿಸಿದರು.

ಈ ದೇಶಗಳಲ್ಲಿ ಸಂಬಳ ಹೆಚ್ಚಿತ್ತೆಂಬುದು ಅರ್ಧ ಕಾರಣ ಮಾತ್ರ. ಬೇಕೆನಿಸಿದ ಹೋಟೆಲಿನಲ್ಲಿ ಕೋಣೆ ಪಡೆದು, ಬೇಕೆನಿಸಿದ ಮೇಜಿನಲ್ಲಿ ಕುಳಿತು ಉಣ್ಣುವ ಅನುಭವ ಅಮೆರಿಕದ ಕಪ್ಪು ಆಟಗಾರನಿಗೆ ಮೊದಲು ದೊರೆತದ್ದು ಅಲ್ಲಿಯೇ. ಆದರೆ ಈ ಅನುಕೂಲಕ್ಕೂ ಬೆಲೆಯಿತ್ತು: ಬೇಸಿಗೆಯಲ್ಲಿ ಉತ್ತರ, ಚಳಿಗಾಲದಲ್ಲಿ ದಕ್ಷಿಣ ಎಂದು ವರ್ಷದ ಹನ್ನೆರಡೂ ತಿಂಗಳು ಕುಕ್ಕರುಗಾಲಿನಲ್ಲಿ ಕೂತ ಕ್ಯಾಚರ್‌ಗೆ ಮೈ ಆರಿಸಿಕೊಳ್ಳುವ ಋತುವೇ ಇರಲಿಲ್ಲ.

ತೆರೆಯದ ಬಾಗಿಲು

ಬಿಳಿಯರ ಲೀಗ್‌ಗೆ ಗಿಬ್ಸನ್ ಅಪರಿಚಿತರೇನೂ ಆಗಿರಲಿಲ್ಲ. ಹಿಂದಿನ ತಲೆಮಾರಿನ ಮಹಾನ್ ಪಿಚರ್ ವಾಲ್ಟರ್ ಜಾನ್ಸನ್, ಗಿಬ್ಸನ್ ತೂಗುಕುರ್ಚಿಯಲ್ಲಿ ಕೂತವರಷ್ಟು ನಿರಾಯಾಸವಾಗಿ ಚೆಂಡು ಹಿಡಿಯುತ್ತಾರೆಂದೂ, ಯಾವ ತಂಡವಾದರೂ ಎರಡು ಲಕ್ಷ ಡಾಲರಿಗೆ ಕೊಳ್ಳಬಹುದಾದ ಕ್ಯಾಚರ್ ಎಂದೂ ಹೊಗಳಿ, ಅವರು ಕಪ್ಪು ವರ್ಣೀಯರಾದದ್ದಕ್ಕೆ ಮರುಗಿ ಸುಮ್ಮನಾದರು. ಗ್ರೇಸ್ ತಂಡ ತನ್ನ ತವರು ಪಂದ್ಯಗಳಲ್ಲಿ ಹಲವನ್ನು ವಾಷಿಂಗ್ಟನ್ನಿನ ಗ್ರಿಫಿತ್ ಕ್ರೀಡಾಂಗಣದಲ್ಲಿ ಆಡುತ್ತಿತ್ತು. ಅದರ ಒಡೆಯ ಕ್ಲಾರ್ಕ್ ಗ್ರಿಫಿತ್ ಒಮ್ಮೆ ಗಿಬ್ಸನ್ ಮತ್ತು ಲೆನರ್ಡ್ ಇಬ್ಬರನ್ನೂ ಕರೆಸಿ ಮೇಜರ್ ಲೀಗ್‌ನಲ್ಲಿ ಆಡುವ ಬಗೆಗೆ ವಿಚಾರಿಸಿದರೆಂದು ಲೆನರ್ಡ್ ಹೇಳಿದ್ದಾರೆ; ವಿಚಾರಣೆ ಅಲ್ಲಿಗೇ ನಿಂತಿತು. ಗ್ರಿಫಿತ್‌ರ ಸ್ವಂತ ತಂಡ ಆ ವರ್ಷಗಳಲ್ಲಿ ಸೋಲಿಗೇ ಹೆಸರಾಗಿತ್ತು, ಗ್ರೇಸ್ ಕೊಡುತ್ತಿದ್ದ ಬಾಡಿಗೆಯಂತೂ ತಪ್ಪದೆ ಬರುತ್ತಿತ್ತು.

1943ರ ಜನವರಿಯಲ್ಲಿ ಗಿಬ್ಸನ್ ಪ್ರಜ್ಞೆ ತಪ್ಪಿ ಬಿದ್ದರು. ಮೆದುಳಿನಲ್ಲಿ ಗಡ್ಡೆಯಿದೆಯೆಂದು ವೈದ್ಯರು ಹೇಳಿದಾಗ, ಶಸ್ತ್ರಚಿಕಿತ್ಸೆಯಿಂದ ದೇಹ ಸ್ವಾಧೀನ ತಪ್ಪೀತೆಂಬ ಭಯದಿಂದ ಅವರು ಒಪ್ಪಲಿಲ್ಲ. ತಲೆನೋವು, ಕುಡಿತ, ವಾಷಿಂಗ್ಟನ್ನಿನ ಮಾನಸಿಕ ಆಸ್ಪತ್ರೆಯ ವಾಸ, ಇವುಗಳ ನಡುವೆಯೇ ಅವರು ಆ ವರ್ಷ ಆಡಿ 0.466ರ ಸರಾಸರಿ ಗಳಿಸಿದರು. ಇಂದಿನ ಅಧಿಕೃತ ಪಟ್ಟಿಯಲ್ಲಿ ಒಂದು ಋತುವಿನ ಅತ್ಯುನ್ನತ ಸರಾಸರಿ ಅದೇ.

1945ರ ಅಕ್ಟೋಬರಿನಲ್ಲಿ ಬ್ರೂಕ್ಲಿನ್ ಡಾಜರ್ಸ್ ಸಂಸ್ಥೆ ವರ್ಣರೇಖೆಯನ್ನು ಮುರಿಯಲು ಆರಿಸಿಕೊಂಡದ್ದು ಜ್ಯಾಕಿ ರಾಬಿನ್‌ಸನ್‌ರನ್ನು. ಕಾಲೇಜಿನಲ್ಲಿ ಓದಿದ್ದ, ಸೇನೆಯಲ್ಲಿ ಅಧಿಕಾರಿಯಾಗಿದ್ದ 26ರ ಆ ಆಟಗಾರನ ಮುಂದೆ, ರೋಗಪೀಡಿತರಾದ 33ರ ಗಿಬ್ಸನ್‌ರನ್ನು ಯಾರೂ ಪರಿಗಣಿಸಲಿಲ್ಲ. ಹಾಗೆ ಪರಿಗಣಿಸದಿದ್ದುದು ವ್ಯವಹಾರದ ದೃಷ್ಟಿಯಿಂದ ತಪ್ಪಾಗಿರಲಿಲ್ಲ. ತಪ್ಪು ನಡೆದದ್ದು ಹತ್ತು ವರ್ಷ ಮೊದಲೇ. 1947ರ ಜನವರಿ 20ರಂದು, ರಾಬಿನ್‌ಸನ್ ಮೇಜರ್ ಲೀಗ್ ಮೈದಾನಕ್ಕೆ ಕಾಲಿಡಲು ಮೂರು ತಿಂಗಳೂ ಇಲ್ಲದಿದ್ದಾಗ, ಗಿಬ್ಸನ್ ತಮ್ಮ 35ನೆಯ ವಯಸ್ಸಿನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. 1975ರವರೆಗೆ ಅವರ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ವಿಚಿತ್ರವೆಂದರೆ, ಬಿಳಿಯ ತಾರೆ ಟೆಡ್ ವಿಲಿಯಮ್ಸ್ 1966ರ ತಮ್ಮ ಭಾಷಣದಲ್ಲಿ ಎತ್ತಿದ ಬೇಡಿಕೆಯ ಫಲವಾಗಿಯೂ, ಇತರರ ಒತ್ತಾಯದಿಂದಲೂ, ಅದಕ್ಕೆ ಮೂರು ವರ್ಷ ಮೊದಲೇ ಅವರು ಕೀರ್ತಿಭವನ ಸೇರಿದ್ದರು.

ಅಂಕಿಗಳಿಗೆ ಸಿಕ್ಕಿದ್ದು, ಸಿಗದದ್ದು

ಕೀರ್ತಿಭವನದ ಫಲಕ ಗಿಬ್ಸನ್ ಸುಮಾರು 800 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಬೇಲಿಯಾಚೆ ಬಾರಿಸುವ, ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದರೆನ್ನುತ್ತದೆ. 2024ರ ಅಧಿಕೃತ ಪಟ್ಟಿಯಲ್ಲಿ ಅವರ ಲೆಕ್ಕ ಇನ್ನೂರನ್ನೂ ಮುಟ್ಟುವುದಿಲ್ಲ. ಎರಡೂ ತಮ್ಮ ತಮ್ಮ ಅರ್ಥದಲ್ಲಿ ಹೇಳಿದ ಮಾತುಗಳೇ. ಅಧಿಕೃತ ಪಟ್ಟಿ 1920ರಿಂದ 1948ರವರೆಗಿನ ಏಳು ಲೀಗ್‌ಗಳ, ಸ್ಕೋರು ಸಿಕ್ಕಿರುವ ಪಂದ್ಯಗಳನ್ನು ಮಾತ್ರ ಎಣಿಸುತ್ತದೆ. ತಿರುಗಾಟದ ನೂರಾರು ಪಂದ್ಯಗಳು ಅದರ ಹೊರಗೆ ಉಳಿಯುತ್ತವೆ. ಸ್ಕೋರು ಬರೆಯುವವರನ್ನು ನೇಮಿಸಲು ಹಣವಿಲ್ಲದ ಲೀಗ್‌ಗಳ ದಾಖಲೆಯನ್ನು ಸಂಶೋಧಕರು 'ಪಿಟ್ಸ್‌ಬರ್ಗ್ ಕೊರಿಯರ್', 'ಷಿಕಾಗೊ ಡಿಫೆಂಡರ್'ನಂಥ ಕಪ್ಪು ವರ್ಣೀಯರ ಪತ್ರಿಕೆಗಳ ಹಳೆಯ ಪುಟಗಳಿಂದ ಒಂದೊಂದಾಗಿ ಹೆಕ್ಕಿ ಕಟ್ಟಿದ್ದಾರೆ. ಗಿಬ್ಸನ್ ಚೆಂಡನ್ನು ಯಾಂಕೀ ಕ್ರೀಡಾಂಗಣದ ಆಚೆಗೇ ಬಾರಿಸಿದರೆಂಬ ಕಥೆಗೆ ಮಾತ್ರ ಆ ಪುಟಗಳಿಂದ ಖಚಿತ ಪುರಾವೆ ಸಿಕ್ಕಿಲ್ಲ.

ಬ್ಯಾಟಿಂಗ್ ಹೀಗಾದರೂ ಲೆಕ್ಕಕ್ಕೆ ಸಿಕ್ಕಿತು. ಕ್ಯಾಚರ್‌ನ ಕುಶಲತೆಗೆ ಆ ಭಾಗ್ಯವಿಲ್ಲ. ಯಾವ ಸಂಜ್ಞೆಯಿಂದ ಯಾವ ಪಂದ್ಯ ಉಳಿಯಿತೆಂಬುದನ್ನು ಯಾವ ಸ್ಕೋರು ಪುಸ್ತಕವೂ ಬರೆಯುವುದಿಲ್ಲ. ಆದರೆ ಅಂದಿನ ಪ್ರೇಕ್ಷಕರಿಗೆ ಅದು ಗೊತ್ತಿತ್ತು ಎನ್ನುವುದಕ್ಕೆ ಒಂದು ಸಾಕ್ಷಿಯಿದೆ. 1933ರಲ್ಲಿ ಷಿಕಾಗೊದಲ್ಲಿ ಮೊದಲ ಪೂರ್ವ–ಪಶ್ಚಿಮ ತಾರಾ ಪಂದ್ಯಕ್ಕೆ ಪತ್ರಿಕೆಗಳ ಮೂಲಕ ಜನರಿಂದ ಮತ ಪಡೆದಾಗ, ಪೂರ್ವದ ಕ್ಯಾಚರ್ ಆಗಿ ಆಯ್ಕೆಯಾದದ್ದು 21ರ ಗಿಬ್ಸನ್ ಅಲ್ಲ, 36ರ ಬಿಜ್ ಮ್ಯಾಕಿ. ಮೇಲೇಳದೆ ಕುಳಿತಲ್ಲಿಂದಲೇ ಎರಡನೆಯ ಬೇಸಿಗೆ ಚೆಂಡೆಸೆಯಬಲ್ಲವರಾಗಿದ್ದ, ಪಿಚರ್‌ಗಳ ಮನಸ್ಸನ್ನು ಓದುವುದರಲ್ಲಿ ಪಳಗಿದ್ದ ಮ್ಯಾಕಿ, ಮುಂದೆ ಬಾಲ್ಟಿಮೋರ್ ತಂಡದಲ್ಲಿ ಹದಿಹರೆಯದ ಹುಡುಗನೊಬ್ಬನಿಗೆ ಪಾದ ಇಡುವ ರೀತಿಯಿಂದ ಹಿಡಿದು ಎಲ್ಲವನ್ನೂ ತಿದ್ದಿ ಕಲಿಸಿದರು. ಆ ಹುಡುಗನೇ ರಾಯ್ ಕ್ಯಾಂಪನೆಲ್ಲ. 1948ರಲ್ಲಿ ಡಾಜರ್ಸ್ ಸೇರಿದ ಆತ 1951, 1953 ಮತ್ತು 1955ರಲ್ಲಿ ತನ್ನ ಲೀಗ್‌ನ ಅತ್ಯಮೂಲ್ಯ ಆಟಗಾರನೆನಿಸಿಕೊಂಡ. ವಾಕರ್‌ರ ಸಂಜ್ಞೆಯನ್ನು ಮಲೇನ್ ಕಡೆಗಣಿಸಿದ ಆರು ದಶಕಗಳ ನಂತರ ಬಿಳಿಯ ಪಿಚರ್‌ಗಳು ಆತನ ಬೆರಳುಗಳನ್ನು ನೋಡಿ ಎಸೆದರು. ಮ್ಯಾಕಿ ಕೀರ್ತಿಭವನ ಸೇರಲು 2006ರವರೆಗೆ, ಅಂದರೆ ತೀರಿಕೊಂಡ 41 ವರ್ಷಗಳವರೆಗೆ, ಕಾಯಬೇಕಾಯಿತು.

ಗಿಬ್ಸನ್ 1941ರಲ್ಲಿ ವೆರಾಕ್ರೂಸ್ ಪರ 94 ಪಂದ್ಯಗಳಲ್ಲಿ 33 ಹೋಮ್ ರನ್ ಹೊಡೆದರು. ಮೆಕ್ಸಿಕೊದ ಲೀಗ್ ಮೇಜರ್ ಲೀಗ್ ಎಂಬ ಮಾನ್ಯತೆ ಪಡೆದ ಏಳರಲ್ಲಿ ಸೇರದ ಕಾರಣ ಅವು 2024ರ ಪಟ್ಟಿಯಲ್ಲಿ ಇಲ್ಲ. ಇತ್ತ ನೀಗ್ರೊ ಲೀಗ್‌ಗಳ ದಾಖಲೆಯಲ್ಲಿ ಸಿಕ್ಕಿರುವುದು ಮುಕ್ಕಾಲು ಪಾಲಿನ ಆಸುಪಾಸು ಮಾತ್ರವೆಂದು ಅದನ್ನು ಸಿದ್ಧಪಡಿಸಿದವರೇ ಅಂದಾಜು ಮಾಡಿದ್ದಾರೆ. ಹಳೆಯ ಪತ್ರಿಕೆಗಳಲ್ಲಿ ಇನ್ನೊಂದು ಸ್ಕೋರು ಪಟ್ಟಿ ಸಿಕ್ಕಿದಂತೆಲ್ಲ 0.372ರ ಕೊನೆಯ ಅಂಕಿ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ.